ಖಾಡಿಯ ಅತಿಥಿಗಳ ಊಟ

ವಾಶಿ ಸೇತುವೆ ದಾಟುವಾಗ ಠಾಣೆ ಖಾಡಿಯ ಕೆಸರಿನಲ್ಲಿ ನಸುಗೆಂಪು ಹಕ್ಕಿಗಳ ಹಿಂಡನ್ನು ನಾವು ಕಂಡಿದ್ದೇವೆ. ಅವು ಫ್ಲೆಮಿಂಗೊಗಳು, ಗುಜರಾತಿನ ಕಡೆಯಿಂದ ಬರುತ್ತವೆ, ನಮ್ಮಂತೆಯೇ ಹೊಟ್ಟೆಪಾಡಿಗೆ.

ಪಾಚಿಯು ಬಿಸಿಲಿನ ಬಲದಿಂದ ತನ್ನ ಆಹಾರವನ್ನು ತಾನೇ ಮಾಡಿಕೊಳ್ಳುತ್ತದೆ. ಹಕ್ಕಿಗೆ ಆ ವಿದ್ಯೆಯಿಲ್ಲ. ಅದು ಕತ್ತು ಬಗ್ಗಿಸಿ, ಕೊಕ್ಕನ್ನು ತಲೆಕೆಳಗಾಗಿ ನೀರಿನಲ್ಲಿಟ್ಟು, ನಾಲಗೆಯನ್ನು ಪಂಪಿನಂತೆ ಆಡಿಸುತ್ತದೆ. ಕೊಕ್ಕಿನ ಅಂಚಿನ ಜಾಲರಿಯಲ್ಲಿ ನೀರು ಸೋಸಿಹೋಗಿ ಪಾಚಿ ಉಳಿಯುತ್ತದೆ. ನಾವು ಚಹಾ ಸೋಸಿದಂತೆಯೇ, ಆದರೆ ಇಲ್ಲಿ ಚರಟವೇ ಊಟ! ಮರಿಯ ಬಣ್ಣ ಬೂದು. ಆ ಕೆಂಪು ಬರುವುದು ತಿಂದ ಆಹಾರದಿಂದ.

2015ರಲ್ಲಿ ಖಾಡಿಯ ಒಂದು ಭಾಗ ಅಭಯಾರಣ್ಯವಾಯಿತು. ಆದರೂ 2024ರಲ್ಲಿ ನೇರುಳದ ಕೆರೆಯೊಂದಕ್ಕೆ ಉಬ್ಬರದ ನೀರು ಬರುವ ದಾರಿ ಕಟ್ಟಿಹೋಗಿ ಕೆರೆ ಒಣಗಿತು. ಹಕ್ಕಿಗಳು ಊಟ ಹುಡುಕುತ್ತ ಬೇರೆಡೆ ಹೋದವು.