ಹೊಲವಲ್ಲ ಹೆಣ್ಣು



ಗಂಡು ಬೀಜ, ಹೆಣ್ಣು ಹೊಲ ಎಂಬ ಹೋಲಿಕೆ ಮನುಸ್ಮೃತಿಯಷ್ಟು ಹಳೆಯದು. ಬೆಳೆ ಬಾರದಿದ್ದರೆ ಹೊಲವೇ ಬಂಜರು ಎಂದು ಬಿಡುವುದು ಸುಲಭ. ಕೊಪ್ಪಲುಗಳು ಮೈಸೂರು ನಗರದೊಳಗೆ ಸೇರಿಹೋದರೂ ಈ ಮಾತು ಹಿಂದೆ ಉಳಿದಿಲ್ಲ.

ಹೊಲ ಸುಮ್ಮನೆ ಬಿದ್ದಿರುತ್ತದೆ. ಹೆಣ್ಣಿನ ದೇಹ ಹಾಗಲ್ಲ. ಒಂದು ಸಲಕ್ಕೆ ಹೊರಡುವ ವೀರ್ಯಾಣುಗಳು ಹಲವು ಕೋಟಿ. ಯೋನಿಯ ಆಮ್ಲದಲ್ಲಿ ಬಹುಪಾಲು ಕೆಲವೇ ಗಂಟೆಗಳಲ್ಲಿ ಸಾಯುತ್ತವೆ. ಮುಂದೆ ಗರ್ಭಕೊರಳಿನ ಬಾಗಿಲು. ಅಲ್ಲಿಯ ಲೋಳೆ ತಿಂಗಳ ಹೆಚ್ಚು ದಿನ ಗಟ್ಟಿಯಾಗಿದ್ದು ದಾರಿ ಮುಚ್ಚಿರುತ್ತದೆ. ಅಂಡಾಣು ಬಿಡುಗಡೆಯಾಗುವ ಮುಂಚಿನ ಕೆಲವು ದಿನ ಮಾತ್ರ ಮೊಟ್ಟೆಯ ಬಿಳಿಯಂತೆ ತೆಳುವಾಗಿ ದಾರಿ ಬಿಡುತ್ತದೆ. ಒಳಗೆ ಹೋದವನ್ನು ಗರ್ಭಕೋಶದ ಸ್ನಾಯುಗಳೇ ಅಲೆಯಲೆಯಾಗಿ ಮೇಲಕ್ಕೆ ಸಾಗಿಸುತ್ತವೆ. ಇದನ್ನು ಬರೀ ಈಜಿನ ಪಂದ್ಯವೆಂದು ಚಿತ್ರಿಸುವವರು ಈ ಸಂಗತಿ ಮರೆಯುತ್ತಾರೆ! ಬಿಳಿರಕ್ತಕಣಗಳ ದಾಳಿಯೂ ಉಂಟು. ಅಂಡನಾಳದವರೆಗೆ ತಲುಪುವುದು ಕೆಲವು ನೂರು, ಹೆಚ್ಚೆಂದರೆ ಕೆಲವು ಸಾವಿರ.

ಅಲ್ಲಿ ನಾಳದ ಒಳಗೋಡೆ ಅವಕ್ಕೆ ತಂಗುದಾಣ. ಹೆಣ್ಣಿನ ದೇಹದೊಳಗೆ ಅವು ಐದು ದಿನದವರೆಗೂ ಬದುಕಬಲ್ಲವು. ಅಂಡಾಣುವಿನ ಆಯುಸ್ಸೋ ಒಂದೇ ದಿನ. (ಹುಂಜವನ್ನು ಬೇರ್ಪಡಿಸಿ ವಾರ ಕಳೆದರೂ ಹೇಂಟೆ ಮರಿಯಾಗುವ ಮೊಟ್ಟೆ ಇಡುವುದನ್ನು ಕೋಳಿ ಸಾಕಿದವರು ಕಂಡಿರಬಹುದು.) ಇನ್ನೂ ಒಂದು ವಿಚಿತ್ರ: ಆಗತಾನೆ ಬಂದ ವೀರ್ಯಾಣು ಅಂಡಾಣುವನ್ನು ಹೊಗಲಾರದು. ಕೆಲವು ಗಂಟೆ ಹೆಣ್ಣಿನ ದೇಹದೊಳಗಿದ್ದು ಹದಗೊಳ್ಳಬೇಕು. 1951ರಲ್ಲಿ ಅಮೆರಿಕದಲ್ಲಿ ಚಾಂಗ್, ಆಸ್ಟ್ರೇಲಿಯದಲ್ಲಿ ಆಸ್ಟಿನ್ ಬೇರೆ ಬೇರೆಯಾಗಿಯೇ ಇದನ್ನು ಕಂಡುಕೊಂಡರು.

ದನಗಳ ವಿಷಯದಲ್ಲಿ ಮೈಸೂರಿಗೆ ಈ ಲೆಕ್ಕ ಹೊಸದಲ್ಲ. ಭಾರತದ ಮೊದಲ ಕೃತಕ ಗರ್ಭಧಾರಣೆಯನ್ನು 1939ರಲ್ಲಿ ಸಂಪತ್ ಕುಮಾರನ್ ನಡೆಸಿದ್ದು ಇಲ್ಲಿಯ ಅರಮನೆ ಡೈರಿ ಫಾರಂನಲ್ಲಿ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಎಂಬ ಸೂತ್ರ ಇಂದು ಹಸು ಕಟ್ಟಿದವರಿಗೆಲ್ಲ ಬಾಯಿಪಾಠ. ಹಸು ಗಬ್ಬ ನಿಲ್ಲದಿದ್ದರೆ ರೈತ ಹೊತ್ತು ತಪ್ಪಿತೇ, ವೀರ್ಯ ಕೆಟ್ಟಿತ್ತೇ ಎಂದೂ ವಿಚಾರಿಸುತ್ತಾನೆ.

ಸೊಸೆಯ ವಿಷಯದಲ್ಲಿ ಆ ವಿಚಾರಣೆ ಅಪರೂಪ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಿನ ಕಾರಣವೂ ಇರುತ್ತದೆ. ಗಂಡಸಿನ ವೀರ್ಯಪರೀಕ್ಷೆಗೆ ನೋವಿಲ್ಲ, ಸೂಕ್ಷ್ಮದರ್ಶಕದಡಿ ಮುಗಿಯುತ್ತದೆ. ಹೆಂಗಸಿನ ಅಂಡನಾಳ ತೆರೆದಿದೆಯೇ ಎಂದು ತಿಳಿಯಲು ದ್ರವ ಹಾಯಿಸಿ ಎಕ್ಸ್-ರೇ ತೆಗೆಯಬೇಕು, ಅದು ನೋಯುತ್ತದೆ. ಆದರೂ ಎಷ್ಟೋ ಮನೆಗಳಲ್ಲಿ ಆಸ್ಪತ್ರೆಯ ಮೆಟ್ಟಿಲು ಮೊದಲು ಹತ್ತುವವಳು ಅವಳೇ.