ನೀನು ಯಾರು ಎಂದು ಕೇಳದ ಸೆಮಿಸ್ಟರ್



ಅಸ್ಮಿತೆ ಎನ್ನುವುದು ಭಾಷಣಕ್ಕೆ ಬಲು ಅನುಕೂಲದ ವಿಷಯ. ಎಷ್ಟು ಹೊತ್ತು ಬೇಕಾದರೂ ಮಾತಾಡಬಹುದು, ಯಾರಿಗೂ ಏನೂ ಗೊತ್ತಾಗದ ಹಾಗೆ ಮುಗಿಸಲೂಬಹುದು. ನಾನು ಮೇಷ್ಟ್ರು. ಅಮೆರಿಕದ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷದ ಮಕ್ಕಳಿಗೆ ಬರವಣಿಗೆ ಕಲಿಸುವವನು. ನನಗೆ ಈ ವಿಷಯ ಎದುರಾಗುವುದು ವೇಳಾಪಟ್ಟಿಯ ರೂಪದಲ್ಲಿ: ಸುಮಾರು 15 ವಾರ, ಇಪ್ಪತ್ತರ ಆಸುಪಾಸು ಮಕ್ಕಳು, ಮೂರೋ ನಾಲ್ಕೋ ಪ್ರಬಂಧ. ಯಾವ ವಾರ ಏನು ಓದಿಸಬೇಕು, ಏನು ಬರೆಸಬೇಕು, ಏನನ್ನು ಬರೆಸಲೇಬಾರದು ಎಂಬುದಷ್ಟೇ ಇವತ್ತಿನ ಮಾತು.

ಆ ದೇಶದಲ್ಲಿ ಎಂಜಿನಿಯರಿಂಗ್ ಓದಲಿ, ನರ್ಸಿಂಗ್ ಓದಲಿ, ಮೊದಲ ವರ್ಷದಲ್ಲಿ ಬರವಣಿಗೆಯ ತರಗತಿಗೆ ಬಹುಪಾಲು ಎಲ್ಲರೂ ಕೂರಲೇಬೇಕು. ಈ ಪದ್ಧತಿ ಹಾರ್ವರ್ಡ್‌ನಲ್ಲಿ ಶುರುವಾದದ್ದು. 1885ರಲ್ಲಿ ‘ಇಂಗ್ಲಿಷ್ ಎ’ ಎಂಬ ಪಾಠವನ್ನು ಮೊದಲ ವರ್ಷಕ್ಕೆ ತಂದರು. ಅಲ್ಲಿನ ಅಧ್ಯಕ್ಷ ಚಾರ್ಲ್ಸ್ ಎಲಿಯಟ್ ಒಂದೊಂದೇ ವಿಷಯವನ್ನು ಐಚ್ಛಿಕ ಮಾಡುತ್ತ ಹೋದರೂ ಬರವಣಿಗೆಯನ್ನು ಮಾತ್ರ ಕಡ್ಡಾಯವಾಗಿ ಉಳಿಸಿಕೊಂಡರು. ಆಗಿನ ಮೇಷ್ಟ್ರುಗಳಿಗೆ ವಿದ್ಯಾರ್ಥಿ ಯಾರ ಮಗ, ಮನೆಯಲ್ಲಿ ಏನು ಮಾತಾಡುತ್ತಾನೆ ಎಂಬುದು ಪ್ರಶ್ನೆಯೇ ಆಗಿರಲಿಲ್ಲ, ಏಕೆಂದರೆ ಎಲ್ಲರೂ ಹೆಚ್ಚುಕಡಿಮೆ ಒಂದೇ ಬಗೆಯ ಮನೆಗಳಿಂದ ಬಂದವರು. ಅಲ್ಪವಿರಾಮ ತಪ್ಪಿದರೆ ಕೆಂಪು ಶಾಯಿ, ಅಲ್ಲಿಗೆ ಮುಗಿಯಿತು.

ಪ್ರಶ್ನೆ ಎದ್ದದ್ದು 1970ರಲ್ಲಿ. ನ್ಯೂಯಾರ್ಕ್ ನಗರದ ವಿಶ್ವವಿದ್ಯಾಲಯ ಆ ವರ್ಷ ನಗರದಲ್ಲಿ ಹೈಸ್ಕೂಲು ಮುಗಿಸಿದ ಎಲ್ಲರಿಗೂ ಬಾಗಿಲು ತೆರೆಯಿತು. ಕಪ್ಪು ಜನರ ಮಕ್ಕಳು, ಪೋರ್ಟೊರಿಕೊ ಮೂಲದವರು, ವಲಸೆ ಬಂದ ಕೂಲಿಕಾರರ ಮಕ್ಕಳು ಒಮ್ಮೆಲೇ ತರಗತಿಗೆ ಬಂದರು. ಅವರ ಬರಹ ಕಂಡು ಎಷ್ಟೋ ಪ್ರಾಧ್ಯಾಪಕರು ತಲೆಯ ಮೇಲೆ ಕೈ ಹೊತ್ತು ಕೂತಾಗ ಮಿನಾ ಶಾನೆಸಿ ಎಂಬ ಅಧ್ಯಾಪಕಿ ಸುಮಾರು 4,000 ಪ್ರವೇಶ ಪ್ರಬಂಧಗಳನ್ನು ಮುಂದಿಟ್ಟುಕೊಂಡು ಓದಿದರು. ಈ ತಪ್ಪುಗಳು ದಡ್ಡತನದವಲ್ಲ, ಪ್ರತಿ ತಪ್ಪಿನ ಹಿಂದೆಯೂ ಒಂದು ಲೆಕ್ಕಾಚಾರ ಇದೆ ಎಂದು 1977ರಲ್ಲಿ ಪುಸ್ತಕ ಬರೆದರು. ಅದಕ್ಕೂ ಮೂರು ವರ್ಷ ಮೊದಲೇ ಕಾಲೇಜು ಬರವಣಿಗೆಯ ಅಧ್ಯಾಪಕರ ರಾಷ್ಟ್ರೀಯ ಒಕ್ಕೂಟ, ವಿದ್ಯಾರ್ಥಿಗೆ ತನ್ನ ಮನೆಯ ನುಡಿಯ ಮೇಲೆ ಹಕ್ಕಿದೆ ಎಂಬ ನಿರ್ಣಯ ಮಾಡಿತ್ತು. ಅಸ್ಮಿತೆ ಬರವಣಿಗೆಯ ತರಗತಿಗೆ ಬಂದದ್ದು ಈ ದಾರಿಯಲ್ಲಿ. ಯಾರೋ ಫ್ಯಾಷನ್ನಿಗೆ ತಂದು ಕೂರಿಸಿದ್ದಲ್ಲ.

ಈಗಿನ ಕಷ್ಟವೇ ಬೇರೆ. ನನ್ನ ತರಗತಿಗೆ ಬರುವ ಹದಿನೆಂಟರ ಹುಡುಗ ತನ್ನ ಬಗ್ಗೆ ಬರೆಯುವುದನ್ನು ಆಗಲೇ ಕಲಿತು, ಕಲಿತು ಕೆಟ್ಟಿರುತ್ತಾನೆ. ಅಲ್ಲಿ ಎಷ್ಟೋ ಕಾಲೇಜುಗಳ ಪ್ರವೇಶಕ್ಕೆ ಅಂಕದ ಜೊತೆ ಆತ್ಮಕಥನದಂಥ ಪ್ರಬಂಧವೊಂದನ್ನು ಕಳಿಸಬೇಕು. ನೂರಾರು ಕಾಲೇಜುಗಳು ಒಪ್ಪುವ ‘ಕಾಮನ್ ಅಪ್ಲಿಕೇಶನ್’ ಅರ್ಜಿಯಲ್ಲಿ ಅದರ ಮಿತಿ 650 ಪದ. 2023ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಹಾರ್ವರ್ಡ್ ಮೊಕದ್ದಮೆಯಲ್ಲಿ, ಪ್ರವೇಶ ಕೊಡುವಾಗ ಜನಾಂಗವನ್ನು ಜನಾಂಗ ಎಂಬ ಕಾರಣಕ್ಕೆ ಪರಿಗಣಿಸಕೂಡದು ಎಂದು ತೀರ್ಪಿತ್ತಿತು. ಆದರೆ ಜನಾಂಗ ತನ್ನ ಬದುಕನ್ನು ಹೇಗೆ ಮುಟ್ಟಿತು ಎಂದು ವಿದ್ಯಾರ್ಥಿಯೇ ಪ್ರಬಂಧದಲ್ಲಿ ಬರೆದುಕೊಂಡರೆ ಅದನ್ನು ಓದಿ ಪರಿಗಣಿಸಲು ಅಡ್ಡಿಯಿಲ್ಲ ಎಂದೂ ಸೇರಿಸಿತು. ಅಂದರೆ ಭಾರವೆಲ್ಲ ಆ 650 ಪದಗಳ ಮೇಲೆ ಬಿತ್ತು. ಅವಮಾನ, ಹೋರಾಟ, ಕೊನೆಗೆ ಗೆಲುವು ಎಂಬ ಮೂರು ಮೆಟ್ಟಿಲ ಕಥೆ ಎಲ್ಲರಿಗೂ ಬಾಯಿಪಾಠ. ದುಡ್ಡಿದ್ದವರ ಮಕ್ಕಳಿಗೆ ಅದನ್ನು ತಿದ್ದಿಕೊಡುವ ಬಾಡಿಗೆ ಸಲಹೆಗಾರರೂ ಇರುತ್ತಾರೆ.

ಇಂಥವರ ಮುಂದೆ ನಿಂತು ಮೊದಲ ದಿನವೇ ‘ನೀನು ಯಾರು, ಬರೆ’ ಎಂದರೆ ಬರುವುದು ಅದೇ ಕಥೆಯ ಇನ್ನೊಂದು ಪ್ರತಿ. ಅದಕ್ಕೇ ನಾನು ಆ ಪ್ರಶ್ನೆಯನ್ನು ಸೆಮಿಸ್ಟರಿನ ಉದ್ದಕ್ಕೂ ಕೇಳುವುದಿಲ್ಲ. ನಿನ್ನನ್ನು ಯಾರು, ಎಲ್ಲಿ, ಏನೆಂದು ಕರೆದರು ಎಂದು ಕೇಳುತ್ತೇನೆ. ಮೊದಲನೆಯದಕ್ಕೆ ಉತ್ತರವಾಗಿ ಘೋಷಣೆ ಬರುತ್ತದೆ, ಎರಡನೆಯದಕ್ಕೆ ಒಂದು ಜಾಗ, ಒಂದು ಹೊತ್ತು, ಎದುರಿಗಿದ್ದ ಒಬ್ಬ ಮನುಷ್ಯ ಬರುತ್ತಾರೆ. ಬರವಣಿಗೆ ಕಲಿಯಲು ಬೇಕಾದವು ಇವು.

ಮೊದಲ ನಾಲ್ಕು ವಾರ ನುಡಿಗೆ ಮೀಸಲು. ಏಮಿ ಟ್ಯಾನ್ ತನ್ನ ಚೀನೀ ತಾಯಿಯ ಇಂಗ್ಲಿಷಿನ ಬಗ್ಗೆ 1990ರಲ್ಲಿ ಬರೆದ ಪ್ರಬಂಧ ಇದೆ. ಆ ತಾಯಿಯ ಮಾತಿಗೆ ಆಸ್ಪತ್ರೆಯಲ್ಲಾಗಲಿ, ಷೇರು ದಲ್ಲಾಳಿಯ ಕಚೇರಿಯಲ್ಲಾಗಲಿ ಬೆಲೆ ಇಲ್ಲ. ಮಗಳೇ ತಾಯಿಯ ಹೆಸರು ಹೇಳಿಕೊಂಡು ಫೋನಿನಲ್ಲಿ ಮಾತಾಡಿದರೆ ಕೆಲಸ ಆಗುತ್ತದೆ. ಗ್ಲೋರಿಯಾ ಆನ್ಸಾಲ್ಡುವಾ ಟೆಕ್ಸಾಸ್‌ನ ಗಡಿಯವಳು. ಶಾಲೆಯ ಬಿಡುವಿನಲ್ಲಿ ಸ್ಪ್ಯಾನಿಷ್ ಆಡಿದ್ದಕ್ಕೆ ಗೆಣ್ಣಿನ ಮೇಲೆ ಸ್ಕೇಲಿನ ಏಟು ತಿಂದವಳು. ಕಾಲೇಜಿಗೆ ಹೋದ ಮೇಲೂ ಅವಳಂಥ ಎಲ್ಲ ಮೆಕ್ಸಿಕನ್ ಮೂಲದ ಮಕ್ಕಳೂ ಉಚ್ಚಾರ ತೊಳೆದುಕೊಳ್ಳುವ ಎರಡು ತರಗತಿಗೆ ಕೂರಬೇಕಿತ್ತು. 1987ರ ತನ್ನ ಪುಸ್ತಕದಲ್ಲಿ ಅವಳು ಇದನ್ನೆಲ್ಲ ಎರಡು ಭಾಷೆ ಬೆರೆಸಿಯೇ ಬರೆದಳು, ಅನುವಾದ ಕೊಡುವ ಗೋಜಿಗೆ ಎಷ್ಟೋ ಕಡೆ ಹೋಗಲಿಲ್ಲ.

ಇವರಿಬ್ಬರನ್ನು ಓದಿಸಿ ಬಿಟ್ಟರೆ ತರಗತಿ ತಲೆಯಾಡಿಸುತ್ತದೆ, ಅಷ್ಟೇ. ಆದ್ದರಿಂದ ಮೂರನೇ ವಾರ ರಿಚರ್ಡ್ ರೊಡ್ರಿಗೆಸ್‌ನನ್ನು ತರುತ್ತೇನೆ. ಅವನೂ ಮೆಕ್ಸಿಕನ್ ದಂಪತಿಯ ಮಗ, ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದವನು. ಶಾಲೆಯ ಕ್ರೈಸ್ತ ಸನ್ಯಾಸಿನಿಯರು ಮನೆಗೇ ಬಂದು ಮಕ್ಕಳ ಜೊತೆ ಇಂಗ್ಲಿಷ್ ಆಡಿ ಎಂದರು, ಅಪ್ಪ ಅಮ್ಮ ಒಪ್ಪಿದರು, ಮನೆ ಮೌನವಾಯಿತು. ಅಷ್ಟೆಲ್ಲ ಕಳೆದುಕೊಂಡವನು 1982ರ ತನ್ನ ಪುಸ್ತಕದಲ್ಲಿ ಹೇಳುವುದೇನು? ಆದದ್ದು ಸರಿಯೇ, ಆ ನಷ್ಟ ಇಲ್ಲದೆ ನನಗೆ ಸಾರ್ವಜನಿಕ ಬದುಕು ಸಿಗುತ್ತಿರಲಿಲ್ಲ ಎಂದು! ತರಗತಿ ಎರಡಾಗಿ ಸೀಳುತ್ತದೆ. ನಿಜವಾದ ಬರವಣಿಗೆ ಶುರುವಾಗುವುದು ಆ ವಾರ. ನನಗೆ ರೊಡ್ರಿಗೆಸ್‌ನ ವಾದ ಒಪ್ಪಿಗೆಯಿಲ್ಲ. ಆದರೆ ಅವನಿಲ್ಲದೆ ಈ ಪಾಠ ಮಾಡಲಾರೆ.

ಮುಂದಿನ ನಾಲ್ಕು ವಾರ ಕಾಗದಪತ್ರ. ನನಗೆ ಬಲು ಇಷ್ಟದ ಭಾಗ ಇದು, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಅಮೆರಿಕದ ಜನಗಣತಿಯಲ್ಲಿ 1920, 1930, 1940, ಈ ಮೂರು ಸಲ ಜನಾಂಗಗಳ ಪಟ್ಟಿಯಲ್ಲಿ ‘ಹಿಂದೂ’ ಎಂಬುದೂ ಒಂದು. ಧರ್ಮವಲ್ಲ, ಜನಾಂಗ! ಪಂಜಾಬಿನಿಂದ ಹೋಗಿ ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ದುಡಿಯುತ್ತಿದ್ದ ಸಿಖ್ಖರೂ ಮುಸ್ಲಿಮರೂ ಗಣತಿದಾರನ ಪುಸ್ತಕದಲ್ಲಿ ಹಿಂದೂಗಳು. 1970ರಲ್ಲಿ ಭಾರತೀಯರನ್ನು ಬಿಳಿಯರ ಲೆಕ್ಕಕ್ಕೆ ಸೇರಿಸಿದರು. 1980ಕ್ಕೆ ‘ಏಷ್ಯನ್ ಇಂಡಿಯನ್’ ಎಂಬ ಚೌಕ ಬಂತು. ಒಬ್ಬರು ಒಂದಕ್ಕಿಂತ ಹೆಚ್ಚು ಚೌಕಕ್ಕೆ ಗುರುತು ಹಾಕಬಹುದು ಎಂದಾದದ್ದು 2000ದಲ್ಲಿ. ಒಂದೇ ಮನೆಯ ಅಜ್ಜ, ಮಗ, ಮೊಮ್ಮಗಳು ಮೂರು ಜನಾಂಗದವರಾಗುವುದಕ್ಕೆ ಯಾರ ರಕ್ತವೂ ಬದಲಾಗಬೇಕಿಲ್ಲ, ನಮೂನೆ ಬದಲಾದರೆ ಸಾಕು.

ಇದರ ಜೊತೆಗೆ 1923ರ ಭಗತ್ ಸಿಂಗ್ ಥಿಂದ್ ಮೊಕದ್ದಮೆ ಓದಿಸುತ್ತೇನೆ. ಥಿಂದ್ ಅಮೃತಸರದ ಕಡೆಯ ಸಿಖ್, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದವನು. ಪೌರತ್ವ ಬಿಳಿಯರಿಗೂ ಆಫ್ರಿಕನ್ ಮೂಲದವರಿಗೂ ಮಾತ್ರ ಇದ್ದ ಕಾಲ. ತಾನು ಮೇಲ್ಜಾತಿಯವನು, ಆರ್ಯ ಮೂಲದವನು, ಆದ್ದರಿಂದ ಬಿಳಿಯ ಎಂದು ಅವನ ಪರವಾಗಿ ವಾದ ಮಂಡಿಸಿದರು. ಶಾಸ್ತ್ರ ಏನಾದರೂ ಹೇಳಲಿ, ಜನಸಾಮಾನ್ಯರ ತಿಳಿವಳಿಕೆಯಲ್ಲಿ ಇವನು ಬಿಳಿಯನಲ್ಲ ಎಂದು ಸುಪ್ರೀಂ ಕೋರ್ಟು ತಳ್ಳಿಹಾಕಿತು. ಅನ್ಯಾಯಕ್ಕೆ ಒಳಗಾದವನೇ ಇನ್ನೊಂದು ಅನ್ಯಾಯದ ಬಲದ ಮೇಲೆ ವಾದಿಸುತ್ತಾನಲ್ಲ, ಇದನ್ನು ಅರ್ಥ ಮಾಡಿಕೊಂಡ ವಿದ್ಯಾರ್ಥಿಗೆ ಆ ಮೂರು ಮೆಟ್ಟಿಲ ಕಥೆ ಮತ್ತೆ ರುಚಿಸುವುದಿಲ್ಲ.

ಈ ಘಟ್ಟದ ಪ್ರಬಂಧ ಇಷ್ಟೇ: ನಿಮ್ಮ ಮನೆಯಲ್ಲಿರುವ ಯಾವುದಾದರೂ ಒಂದು ಸರ್ಕಾರಿ ಕಾಗದ ತನ್ನಿ, ಅದು ನಿಮ್ಮವರನ್ನು ಏನು ಮಾಡಿದೆ ಎಂದು ಬರೆಯಿರಿ. ನಮ್ಮ ಕಡೆಯ ಹೆಸರುಗಳಿಗೆ ಇಲ್ಲಿ ಹಬ್ಬ. ಊರಿನ ಹೆಸರು, ಅಪ್ಪನ ಹೆಸರು ಇನಿಷಿಯಲ್ ಆಗಿ ಮುಂದೆ ಕೂರುವ ಪದ್ಧತಿ ಅಮೆರಿಕದ ಯಾವ ಅರ್ಜಿಗೂ ಒಗ್ಗುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’ ಎಂದು ಹಾಕುತ್ತಾರೆ, ಮೊದಲ ಹೆಸರು ತಿಳಿಯದು ಎಂದು. ಆಮೇಲೆ ಬ್ಯಾಂಕಿನವರೂ ಆಸ್ಪತ್ರೆಯವರೂ ‘ಫ್ನೂ’ ಎಂದೇ ಕೂಗುತ್ತಾರೆ. ಎಷ್ಟೋ ಗೌಡರು, ಎಷ್ಟೋ ಸ್ವಾಮಿಗಳು ಅಲ್ಲಿ ವರ್ಷಗಟ್ಟಲೆ ಫ್ನೂ ಆಗಿ ಬಾಳಿದ್ದಾರೆ.

ಜೋರಾ ನೀಲ್ ಹರ್ಸ್ಟನ್ 1928ರಲ್ಲಿ ಬರೆದ ಚಿಕ್ಕ ಪ್ರಬಂಧವೊಂದನ್ನೂ ಇಲ್ಲೇ ಸೇರಿಸುತ್ತೇನೆ. ಕಪ್ಪು ಜನರೇ ತುಂಬಿದ ಈಟನ್‌ವಿಲ್ ಎಂಬ ಊರಲ್ಲಿ ಬೆಳೆದ ಹುಡುಗಿ, ಹದಿಮೂರನೇ ವಯಸ್ಸಿಗೆ ಜಾಕ್ಸನ್‌ವಿಲ್‌ಗೆ ಬಂದಾಗಷ್ಟೇ ತಾನು ‘ಬಣ್ಣದವಳು’ ಆದೆ ಎನ್ನುತ್ತಾಳೆ. ಅಯ್ಯೋ ಪಾಪ ಎನಿಸಿಕೊಳ್ಳಲು ಅವಳಿಗೆ ಮನಸ್ಸೇ ಇಲ್ಲ. ನಮ್ಮ ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’ಗೂ ಇದೇ ಗುಣ ಇದೆ. ತಂದೆಯ ಹೆಗಲಿಗೇ ನೊಗ ಬಿದ್ದದ್ದನ್ನು ಹುಡುಗ ಕಂಡ ನೆನಪನ್ನು ಹೇಳುವಾಗಲೂ ಅವರು ಗೋಳಾಡುವುದಿಲ್ಲ, ಪುಸ್ತಕದ ತುಂಬ ನಗು ಹರಿಯುತ್ತದೆ. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ದಲ್ಲಿ ಹುಟ್ಟಿನಿಂದ ಇವತ್ತಿನವರೆಗಿನ ಕಥೆ ಇಲ್ಲ, ಬಿಡಿಬಿಡಿ ಪ್ರಸಂಗಗಳಿವೆ. ಎರಡೂ ಇಂಗ್ಲಿಷಿಗೆ ಬಂದಿರುವುದರಿಂದ ಆಯ್ದ ಪುಟಗಳನ್ನು ಓದಿಸುತ್ತೇನೆ. ನೋವಿನ ಬಗ್ಗೆ ಬರೆಯುವವನು ನೋವನ್ನು ಮಾರಬೇಕಿಲ್ಲ ಎಂದು ತೋರಿಸಲು ಇವಕ್ಕಿಂತ ಒಳ್ಳೆಯ ಪಠ್ಯ ನನಗೆ ಸಿಕ್ಕಿಲ್ಲ.

ಈಗ ಎಲ್ಲಕ್ಕಿಂತ ಸೂಕ್ಷ್ಮದ ಮಾತು. ಅಮೆರಿಕದ ಬರವಣಿಗೆ ತರಗತಿಯಲ್ಲಿ ಕರಡನ್ನು ಮೇಷ್ಟ್ರಿಗಿಂತ ಮೊದಲು ಸಹಪಾಠಿಗಳೇ ಓದಿ ಅಭಿಪ್ರಾಯ ಹೇಳುವ ಕ್ರಮ ಇದೆ. ಒಳ್ಳೆಯ ಕ್ರಮವೇ. ಆದರೆ ಹೀಗೊಂದು ಗುಂಪನ್ನು ಊಹಿಸಿಕೊಳ್ಳಿ: ನಾಲ್ವರಲ್ಲಿ ಇಬ್ಬರು ಭಾರತೀಯ ಮೂಲದವರು. ಒಬ್ಬಳು ದಲಿತ ಮನೆಯ ಹುಡುಗಿ, ಇನ್ನೊಬ್ಬ ಮೇಲ್ಜಾತಿಯ ಹುಡುಗ. ‘ನಿನ್ನ ಅಸ್ಮಿತೆಯ ಬಗ್ಗೆ ಬರೆ’ ಎಂದು ಮೇಷ್ಟ್ರು ಹೇಳಿದ್ದಾರೆ. ಪಕ್ಕದ ಬಿಳಿಯ ಹುಡುಗನಿಗೆ ಅದು ಬರೀ ಒಂದು ವಿಷಯ. ಅವಳಿಗೆ, ನಾಲ್ಕು ವರ್ಷ ಒಂದೇ ಹಾಸ್ಟೆಲಿನಲ್ಲಿ ಇರಬೇಕಾದವರ ಮುಂದೆ ಜಾತಿ ಹೇಳಿಕೊಳ್ಳಬೇಕೋ, ಸುಳ್ಳು ಬರೆಯಬೇಕೋ ಎಂಬ ಸಂಕಟ. ಜಾತಿ ಸಮುದ್ರ ದಾಟುವುದಿಲ್ಲ ಎನ್ನುವವರಿಗೆ ಹೇಳುತ್ತೇನೆ: ಬ್ರಾಂಡೈಸ್ ವಿಶ್ವವಿದ್ಯಾಲಯ 2019ರಲ್ಲಿ, ಕ್ಯಾಲಿಫೋರ್ನಿಯಾ ಸ್ಟೇಟ್ ವಿಶ್ವವಿದ್ಯಾಲಯ 2022ರಲ್ಲಿ ತಾರತಮ್ಯ ನಿಷೇಧದ ನಿಯಮಗಳಿಗೆ ಜಾತಿಯನ್ನು ಸೇರಿಸಬೇಕಾಯಿತು. 2023ರ ಫೆಬ್ರವರಿಯಲ್ಲಿ ಸಿಯಾಟಲ್ ನಗರವೂ ಸೇರಿಸಿತು. ಅದೇ ವರ್ಷ ಕ್ಯಾಲಿಫೋರ್ನಿಯಾದ ಶಾಸನಸಭೆ ಒಪ್ಪಿದ ಇಂಥದೇ ಮಸೂದೆಗೆ ಅಲ್ಲಿನ ಗವರ್ನರ್ ಅಕ್ಟೋಬರಿನಲ್ಲಿ ಅಂಕಿತ ಹಾಕದೆ ತಿರಸ್ಕರಿಸಿದರು. ಕಾನೂನು ಎಲ್ಲಿಗೆ ಬಂದು ನಿಂತರೂ ನನ್ನ ತರಗತಿಯ ಆ ಗುಂಪು ಅಲ್ಲೇ ಕೂತಿರುತ್ತದೆ. ಬೇರೆ ಮಕ್ಕಳಿಗೆ ಬೇರೆ ಗುಟ್ಟುಗಳು ಇರುತ್ತವೆ: ವೀಸಾ ಇಲ್ಲದ ಅಪ್ಪ, ಮನೆಯಲ್ಲಿ ಹೇಳಲಾಗದ ಪ್ರೀತಿ.

ಆದ್ದರಿಂದ ಪ್ರತಿ ಪ್ರಬಂಧದ ಸೂಚನೆಯಲ್ಲಿ ಮೊದಲ ಸಾಲು, ಇದನ್ನು ಯಾರು ಯಾರು ಓದುತ್ತಾರೆ ಎಂಬುದು. ನಾನೊಬ್ಬನೇ ಓದುವ ಬರಹ ಯಾವುದು, ಗುಂಪು ಓದುವುದು ಯಾವುದು ಎಂದು ವಿದ್ಯಾರ್ಥಿ ಬರೆಯುವ ಮೊದಲೇ ತಿಳಿದಿರಬೇಕು. ಯಾವ ಪ್ರಶ್ನೆಯನ್ನೂ ತನ್ನ ಬಗ್ಗೆ ಬರೆಯದೆ, ಓದಿದ ಪಠ್ಯದ ಬಗ್ಗೆ ಬರೆದೇ ಉತ್ತರಿಸಬಹುದು; ಅದಕ್ಕೆ ಕಾರಣ ಕೊಡಬೇಕಿಲ್ಲ, ಅಂಕವೂ ಕಡಿಮೆಯಾಗುವುದಿಲ್ಲ. ಅನುಭವಕ್ಕೆ ನಾನು ಅಂಕ ಹಾಕುವುದೇ ಇಲ್ಲ. ಅಂಕ ಇರುವುದು ವಿವರದ ಖಚಿತತೆಗೆ, ತಾನು ಒಪ್ಪದವನ ಮಾತನ್ನು ನ್ಯಾಯವಾಗಿ ಹೇಳಿದ್ದಕ್ಕೆ, ಮೊದಲ ಕರಡಿಗೂ ಕೊನೆಯದಕ್ಕೂ ಆದ ಬದಲಾವಣೆಗೆ. ಸೆಮಿಸ್ಟರಿನ ಕೊನೆಗೆ ಎಲ್ಲ ಕರಡುಗಳನ್ನೂ ಕಟ್ಟಿ ಒಟ್ಟಿಗೆ ಬೆಲೆಕಟ್ಟುವ ಪದ್ಧತಿಯನ್ನು ಪೀಟರ್ ಎಲ್ಬೋ ಮತ್ತು ಪ್ಯಾಟ್ ಬೆಲನಾಫ್ 1980ರ ದಶಕದಲ್ಲಿ ಸ್ಟೋನಿ ಬ್ರೂಕ್‌ನಲ್ಲಿ ಬೆಳೆಸಿದರು. ಅದನ್ನೇ ಅನುಸರಿಸುತ್ತೇನೆ.

ಉಳಿದ ವಾರಗಳದ್ದು ಬೇಗ ಮುಗಿಸುತ್ತೇನೆ. ತನಗಿಂತ ತೀರ ಬೇರೆಯವರೊಬ್ಬರನ್ನು ಮಾತಾಡಿಸಿ ಬರೆಯುವುದು, ಅದಕ್ಕೆ ಗ್ರಂಥಾಲಯದ ಆಧಾರ ಹುಡುಕುವುದು, ಆಮೇಲೆ ತಿದ್ದುವುದು. 2022ರ ಕೊನೆಗೆ ಚಾಟ್‌ಜಿಪಿಟಿ ಬಂದ ಮೇಲೆ ಎಲ್ಲರೂ ಕೇಳುತ್ತಾರೆ, ಯಂತ್ರವೇ ಬರೆದುಕೊಡುವುದಿಲ್ಲವೇ ಎಂದು. ಮೂರು ಮೆಟ್ಟಿಲ ಕಥೆಯನ್ನು ಖಂಡಿತ ಬರೆದುಕೊಡುತ್ತದೆ, ಮನುಷ್ಯರಿಗಿಂತ ಚೆನ್ನಾಗಿಯೇ. ನಿಮ್ಮಜ್ಜನ ಪಡಿತರ ಚೀಟಿಯಲ್ಲಿ ಹೆಸರು ಯಾಕೆ ತಪ್ಪಾಗಿದೆ ಎಂಬುದು ಅದಕ್ಕೆ ಗೊತ್ತಿಲ್ಲ.

ಇದೆಲ್ಲ ಆಗುವುದು ಚಿಕ್ಕ ತರಗತಿಯಲ್ಲಿ. ಬರವಣಿಗೆಯ ತರಗತಿಯಲ್ಲಿ 20ಕ್ಕಿಂತ ಹೆಚ್ಚು ಮಕ್ಕಳಿರಬಾರದು, 15 ಇದ್ದರೆ ಇನ್ನೂ ಒಳ್ಳೆಯದು ಎಂದು ಆಗಲೇ ಹೇಳಿದ ಬರವಣಿಗೆ ಅಧ್ಯಾಪಕರ ಒಕ್ಕೂಟವೇ ಶಿಫಾರಸು ಮಾಡಿದೆ. ನಮ್ಮ ಪದವಿ ಕಾಲೇಜುಗಳ ಮೇಷ್ಟ್ರುಗಳು ಇದನ್ನು ಕೇಳಿ ನಕ್ಕರೆ ಆಶ್ಚರ್ಯವಿಲ್ಲ. ನೂರು ಮಕ್ಕಳ ಕೊಠಡಿಯಲ್ಲಿ ಮೂರು ಕರಡು ತಿದ್ದಲು ಯಾರಿಂದಲೂ ಆಗದು, ಆ ಬಗ್ಗೆ ಕಾಲೇಜುಗಳನ್ನೂ ಸರ್ಕಾರವನ್ನೂ ಕೇಳಬೇಕಾದವರು ನೀವು, ಪೋಷಕರು. ಆದರೆ ಇಲ್ಲಿ ಕೂತಿರುವ ಅಧ್ಯಾಪಕ ಗೆಳೆಯರಲ್ಲಿ ಒಂದು ವಿನಂತಿ. ಮುಂದಿನ ಸೆಮಿಸ್ಟರಿನಲ್ಲಿ ಆಂತರಿಕ ಅಂಕಕ್ಕೆ ಬರೆಸುವ ಒಂದು ಪ್ರಬಂಧವನ್ನಾದರೂ ಮನೆಯ ಒಂದು ಕಾಗದದ ಮೇಲೆ ಬರೆಸಿ. ಯಾರು ಓದುತ್ತಾರೆ ಎಂಬುದನ್ನು ಮೊದಲೇ ಬೋರ್ಡಿನ ಮೇಲೆ ಬರೆಯಿರಿ. ತರಗತಿಯ ಮುಂದೆ ಯಾರನ್ನೂ ಎಬ್ಬಿಸಿ ಓದಿಸಬೇಡಿ.