ಮುರಿದ ಗಿಟಾರಿಗೆ ಬೆಲೆ ಎಷ್ಟು?

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಘಟಕರು ನನ್ನನ್ನು ಕರೆದಾಗ, "ಸಾಫ್ಟ್‌ವೇರ್ ಬಗ್ಗೆ, ಕೆಲಸ ಸಿಗುವ ಬಗ್ಗೆ ಮಕ್ಕಳಿಗೆ ನಾಲ್ಕು ಮಾತು ಹೇಳು" ಅಂದರು. ಅದನ್ನು ಹೇಳುವವರು ಇವತ್ತು ಮೊಬೈಲಿನಲ್ಲೇ ಬೇಕಾದಷ್ಟು ಜನ ಸಿಗುತ್ತಾರೆ. ಹಾಗಾಗಿ ನಾನು ಬೇರೆ ವಿಷಯ ಆರಿಸಿಕೊಂಡಿದ್ದೇನೆ. ಮೇಜಿನ ಮೇಲೆ ಕೆಂಪು ಬಣ್ಣದ ಈ ಗಿಟಾರ್ ಇಟ್ಟಿದ್ದೇನಲ್ಲ, ಇದರ ಬಗ್ಗೆ ಮಾತಾಡುತ್ತೇನೆ. ನುಡಿಸುವುದಿಲ್ಲ, ಹೆದರಬೇಡಿ.

ಇದಕ್ಕೆ ಸೆಮಿ ಹಾಲೋ ಗಿಟಾರ್ ಅನ್ನುತ್ತಾರೆ. ಅಂದರೆ ಅರ್ಧ ಪೊಳ್ಳು, ಅರ್ಧ ಗಟ್ಟಿ. ಯಾಕೆ ಹೀಗೆ ಅನ್ನುವುದಕ್ಕೆ ಉದಾಹರಣೆ ಇಲ್ಲೇ ಇದೆ. ಸ್ವಾಗತ ಭಾಷಣದ ಹೊತ್ತಿನಲ್ಲಿ ಮೈಕು ಕುಂಯ್ ಎಂದು ಕೂಗಿ ಎಲ್ಲರೂ ಕಿವಿ ಮುಚ್ಚಿಕೊಂಡೆವಲ್ಲ? ಸ್ಪೀಕರಿನಿಂದ ಬಂದ ಸದ್ದು ಮತ್ತೆ ಮೈಕಿಗೆ ಹೋಗಿ, ಅದು ಮತ್ತೆ ಸ್ಪೀಕರಿಗೆ ಹೋಗಿ, ಸುತ್ತಿ ಸುತ್ತಿ ಬೆಳೆಯುತ್ತದೆ. ಪೊಳ್ಳು ಮೈಯ ಗಿಟಾರಿಗೆ ವಿದ್ಯುತ್ ಪಿಕಪ್ ಜೋಡಿಸಿ ಜೋರಾಗಿ ನುಡಿಸಿದಾಗಲೂ ಹೀಗೇ ಆಗುತ್ತಿತ್ತು. ಮೈ ತೆಳುವಾಗಿ ಪೊಳ್ಳಾಗಿರುವುದರಿಂದ ಸ್ಪೀಕರಿನ ಸದ್ದಿಗೆ ಅದೇ ನಡುಗುತ್ತಿತ್ತು. ನಮ್ಮ ವಿಜ್ಞಾನ ಮೇಷ್ಟ್ರು ಶ್ರುತಿ ಕವೆಯನ್ನು ಬಡಿದು ಅದರ ಹಿಡಿಯನ್ನು ಮೇಜಿಗೆ ಒತ್ತಿದಾಗ ಇಡೀ ಮೇಜೇ ಹಾಡಿದ್ದು ನೆನಪಿದೆಯೇ? ಅದೇ ಪಾಠ.

ಅಮೆರಿಕದಲ್ಲಿ ಲೆಸ್ ಪಾಲ್ ಎಂಬ ವಾದಕ 1940ರ ಸುಮಾರಿಗೆ ಇದಕ್ಕೊಂದು ಉಪಾಯ ಹುಡುಕಿದ. ನಾಲ್ಕು ಇಂಚು ಚೌಕದ ಮರದ ತೊಲೆಗೆ ತಂತಿ ಕಟ್ಟಿ, ನೋಡುವುದಕ್ಕೆ ಗಿಟಾರಿನಂತೆ ಇರಲಿ ಎಂದು, ಸೀಳಿದ ಗಿಟಾರಿನ ಎರಡು ಪಕ್ಕೆಗಳನ್ನು ಅದಕ್ಕೆ ಅಂಟಿಸಿದ. ಮುಂದೆ 1958ರಲ್ಲಿ ಮಿಷಿಗನ್ ರಾಜ್ಯದ ಕಲಮಜೂ ಊರಿನಲ್ಲಿದ್ದ ಗಿಬ್ಸನ್ ಕಾರ್ಖಾನೆ ಇಎಸ್-335 ಎಂಬ ಮಾದರಿಯನ್ನು ತಂದಿತು. ಆಗ ಕಂಪನಿಯ ಮುಖ್ಯಸ್ಥ ಟೆಡ್ ಮೆಕಾರ್ಟಿ. ಮೈಯ ದಪ್ಪ ಸುಮಾರು ನಾಲ್ಕೂವರೆ ಸೆಂಟಿಮೀಟರ್. ನಡುವೆ ಉದ್ದಕ್ಕೂ ಮೇಪಲ್ ಮರದ ಗಟ್ಟಿ ದಿಮ್ಮಿ, ಎರಡು ಪಕ್ಕದಲ್ಲಿ ಪೊಳ್ಳು. ದಿಮ್ಮಿ ಇರುವುದರಿಂದ ಕೂಗು ಕಡಿಮೆ, ನಾದ ಹೆಚ್ಚು ಹೊತ್ತು ನಿಲ್ಲುತ್ತದೆ. ಪೊಳ್ಳಿರುವುದರಿಂದ ದನಿಗೊಂದು ಬೆಚ್ಚಗಿನ ಗುಣ ಬರುತ್ತದೆ. ಬ್ಲೂಸ್ ಗಾಯಕ ಬಿ.ಬಿ. ಕಿಂಗ್ 'ಲುಸಿಲ್' ಎಂದು ಕರೆಯುತ್ತಿದ್ದ ಗಿಟಾರುಗಳಲ್ಲಿ ಹಲವು ಇದೇ ಮನೆತನದವು. 1980ರಲ್ಲಿ ಅವರ ಹೆಸರಿನಲ್ಲೇ ಬಂದ ಮಾದರಿಯಲ್ಲಿ ಕೂಗು ಇನ್ನೂ ಕಡಿಮೆಯಾಗಲಿ ಎಂದು ಮೈಮೇಲಿನ ರಂಧ್ರಗಳನ್ನೇ ಬಿಟ್ಟುಬಿಟ್ಟರು.

ನನ್ನದು ಅಸಲಿ ಅಮೆರಿಕದ್ದಲ್ಲ. ಅದೇ ಮಾದರಿಯಲ್ಲಿ ಕೊರಿಯಾದಲ್ಲಿ ತಯಾರಾದದ್ದು. 2016ರಲ್ಲಿ ಬೆಂಗಳೂರಿನಲ್ಲಿ ಒಬ್ಬರಿಂದ 32,000 ರೂಪಾಯಿಗೆ ಸೆಕೆಂಡ್ ಹ್ಯಾಂಡ್ ಕೊಂಡೆ. ಕೊಂಡ ಮೇಲೆ ಗೊತ್ತಾಯಿತು, ಇದನ್ನು ಇಟ್ಟುಕೊಳ್ಳುವುದೆಂದರೆ ಹಸು ಕಟ್ಟಿದ ಹಾಗೆ, ದಿನಾ ಒಂದಲ್ಲ ಒಂದು ನೋಡಿಕೊಳ್ಳಬೇಕು. ಆರು ತಂತಿಗಳೂ ಸೇರಿ ಹೆಚ್ಚುಕಡಿಮೆ 45 ಕಿಲೋ ಭಾರದಷ್ಟು ಎಳೆಯುತ್ತಿರುತ್ತವೆ. ಆ ಎಳೆತಕ್ಕೆ ಕತ್ತು ಬಾಗದಂತೆ ಒಳಗೊಂದು ಕಬ್ಬಿಣದ ಸರಳು ಇರುತ್ತದೆ. ಮಳೆಗಾಲಕ್ಕೂ ಬೇಸಿಗೆಗೂ ಮರ ಹಿಗ್ಗಿ ಕುಗ್ಗಿದಾಗ ಆ ಸರಳನ್ನು ಕಾಲು ಸುತ್ತು ತಿರುಗಿಸಿ, ಒಂದು ದಿನ ಬಿಟ್ಟು ನೋಡಬೇಕು. ಅವಸರ ಮಾಡಿದರೆ ಸರಳು ಹಾಳು.

ಒಮ್ಮೆ ದನಿಯ ಗುಂಡಿ ತಿರುಗಿಸಿದರೆ ಕರಕರ ಅನ್ನತೊಡಗಿತು. ರೇಡಿಯೋ ಆಗಿದ್ದರೆ ಹಿಂದಿನ ಮುಚ್ಚಳ ಬಿಚ್ಚಬಹುದು. ಇದಕ್ಕೆ ಹಿಂದೆ ಬಾಗಿಲೇ ಇಲ್ಲ! ವೈರಿಂಗ್ ಎಲ್ಲವನ್ನೂ ಈ ಎಫ್ ಆಕಾರದ ರಂಧ್ರದಿಂದಲೇ ಹೊರಗೆ ಎಳೆಯಬೇಕು. ಹೊರಗೆ ಎಳೆಯುವುದು ಸುಲಭ, ಒಳಗೆ ಕೂರಿಸುವುದೇ ಕಷ್ಟ. ಪ್ರತಿ ಗುಂಡಿಯ ಕಡ್ಡಿಗೂ ಅಮ್ಮನ ಹೊಲಿಗೆ ದಾರ ಕಟ್ಟಿ, ದಾರದ ತುದಿಯನ್ನು ಅದರದರ ತೂತಿನಿಂದ ಹೊರಗೆ ತಂದು, ಒಂದೊಂದಾಗಿ ಎಳೆದು ಕೂರಿಸಿದೆ. ಒಂದು ಭಾನುವಾರ ಪೂರ್ತಿ ಹೋಯಿತು. ಆಫೀಸಿನಲ್ಲಿ ಹತ್ತು ವರ್ಷದ ಹಿಂದೆ ಯಾರೋ ಬರೆದಿಟ್ಟ ಪ್ರೋಗ್ರಾಂ ರಿಪೇರಿ ಮಾಡುವಾಗಲೂ ನನಗೆ ಆ ದಾರವೇ ನೆನಪಾಗುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. 2020ರ ಲಾಕ್‌ಡೌನ್‌ನಲ್ಲಿ ಊರಿಗೆ ಬಂದು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಒಂದು ಸಂಜೆ ಗಿಟಾರನ್ನು ಕುರ್ಚಿಗೆ ಒರಗಿಸಿಟ್ಟು ಫೋನ್ ತೆಗೆದುಕೊಳ್ಳಲು ಎದ್ದೆ. ಅದು ಜಾರಿ ಹಿಮ್ಮುಖವಾಗಿ ಬಿತ್ತು. ಪಟ್ ಎಂದು ಒಂದು ಸದ್ದು. ತಲೆಭಾಗ ಕತ್ತಿನಿಂದ ಬಿಟ್ಟು ತಂತಿಗಳ ಮೇಲೆ ನೇತಾಡುತ್ತಿತ್ತು.

ಈ ಜಾತಿಯ ಗಿಟಾರುಗಳು ಮುರಿಯುವ ಜಾಗವೇ ಅದು. ತಂತಿ ಬಿಗಿಯಾಗಿ ಕೂರಲಿ ಎಂದು ತಲೆಯನ್ನು ಹಿಂದಕ್ಕೆ ಬಾಗಿಸಿರುತ್ತಾರೆ. 1958ರ ಅಸಲಿಯಲ್ಲಿ ಆ ಕೋನ 17 ಡಿಗ್ರಿ. ಒಂದೇ ಮರದಲ್ಲಿ ಹಾಗೆ ಬಾಗಿಸಿ ಕೊಯ್ದಾಗ ಮರದ ಎಳೆ ಉದ್ದಕ್ಕೆ ಹೋಗದೆ ಅಲ್ಲಿ ತುಂಡಾಗುತ್ತದೆ. ಸಾಲದ್ದಕ್ಕೆ, ಸರಳಿನ ತಿರುಪಿಗಾಗಿ ಅಲ್ಲೇ ಮರ ಕೊರೆದಿರುತ್ತಾರೆ.

ಅಂಗಳದಲ್ಲಿ ಅಪ್ಪ ಕೂತಿದ್ದರು. ನಿಮಗೆಲ್ಲ ಗೊತ್ತಿರುವಂತೆ ಅವರು ಬಡಗಿ. ಗಿಟಾರ್ ತೆಗೆದುಕೊಂಡು ಮೊದಲು ಮುರಿದ ಜಾಗ ನೋಡಲಿಲ್ಲ. ಬೆರಳು ಓಡಾಡುವ ಕಪ್ಪು ಪಟ್ಟಿಯನ್ನು ಹೆಬ್ಬೆರಳಿನಿಂದ ಉಜ್ಜಿ, "ಇದು ಬೀಟೆ ಅಲ್ವನೋ?" ಅಂದರು. ಹೌದು, ಬೀಟೆಯೇ. 1960ರ ದಶಕದಲ್ಲಿ ಬ್ರೆಜಿಲ್ಲಿನ ರೋಸ್‌ವುಡ್ ಸಿಗುವುದು ಕಷ್ಟವಾದ ಮೇಲೆ ಗಿಟಾರ್ ತಯಾರಕರು ಭಾರತದ ಬೀಟೆಯ ಕಡೆ ತಿರುಗಿದರು. ನಮ್ಮ ಘಟ್ಟದಲ್ಲೂ ಬೆಳೆಯುವ ಮರ. ನಾಲ್ಕು ವರ್ಷ ಜೊತೆಗಿಟ್ಟುಕೊಂಡಿದ್ದ ನನಗೆ ಅದು ಬರೀ ರೋಸ್‌ವುಡ್ ಆಗಿತ್ತು. ಅಪ್ಪನಿಗೆ ಮುಟ್ಟಿದ ಕೂಡಲೇ ಗುರುತು ಸಿಕ್ಕಿತು.

ತಂತಿಗಳನ್ನು ಸಡಿಲಿಸಿ ತೆಗೆಸಿದರು. ಸೀಳು ಉದ್ದಕ್ಕೆ ಹೋಗಿದ್ದರಿಂದ "ಒಳ್ಳೇದೇ ಆಯ್ತು, ಅಂಟು ಹಿಡಿಯೋಕೆ ಜಾಗ ಇದೆ" ಅಂದರು. ಎದ್ದಿದ್ದ ಒಂದು ಎಳೆಯನ್ನೂ ಕೀಳಲು ಬಿಡಲಿಲ್ಲ. ಅಂಟು ಹಾಕುವ ಮುಂಚೆ ಒಮ್ಮೆ ಸುಮ್ಮನೆ ಕೂಡಿಸಿ, ಹಲಗೆ ತುಂಡು ಇಟ್ಟು, ಕ್ಲ್ಯಾಂಪ್ ಬಿಗಿದು, ಎಲ್ಲ ಸರಿಯಾಗಿ ಕೂರುತ್ತದೆಯೇ ಎಂದು ನೋಡಿದರು. ಆಮೇಲೆ ಬಿಚ್ಚಿ, ಬ್ಲೇಡಿನ ತುದಿಯಿಂದ ಅಂಟನ್ನು ಸೀಳಿನ ಕೊನೆಯವರೆಗೂ ತಳ್ಳಿ, ಮತ್ತೆ ಕೂಡಿಸಿ, ಸೈಕಲ್ ಟ್ಯೂಬ್ ಸೀಳಿ ಮಾಡಿದ ಪಟ್ಟಿಯಿಂದ ಸುತ್ತಿದರು. ಹೊರಗೆ ಉಕ್ಕಿದ ಅಂಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರು. ನಾನು ಮಾಡಿದ ಕೆಲಸವೆಂದರೆ ಹಿಡಿದುಕೊಂಡು ನಿಂತದ್ದು. ಅವರ ಬಲಗೈ ಆಗಲೇ ಸ್ವಲ್ಪ ನಡುಗುತ್ತಿತ್ತು. ಬಿಗಿಯುವಾಗ ಮಾತ್ರ ನಡುಗಲಿಲ್ಲ. ಮೂರು ದಿನ ಮುಟ್ಟಬೇಡ ಅಂದರು. ನಾಲ್ಕನೇ ದಿನ ತಂತಿ ಕಟ್ಟಿ ನುಡಿಸಿದೆ. ದನಿಯಲ್ಲಿ ನನ್ನ ಕಿವಿಗೆ ಯಾವ ವ್ಯತ್ಯಾಸವೂ ಕೇಳಲಿಲ್ಲ.

ಎರಡು ವರ್ಷದ ಮೇಲೆ ಮನೆಯ ಮುಂಗಡಕ್ಕೆ ಹಣ ಹೊಂದಿಸುತ್ತಿದ್ದಾಗ ಇದನ್ನು ಮಾರಲು ಹೊರಟೆ. ಹಳೆಯ ಗಿಟಾರುಗಳ ಬೆಲೆ ಕಟ್ಟುವ ರೀತಿಯೇ ಬೇರೆ. ಬಣ್ಣ ಮೂಲದ್ದೋ, ಮತ್ತೆ ಹೊಡೆದದ್ದೋ? ಬೆಸುಗೆ ಕಾರ್ಖಾನೆಯದೋ, ಆಮೇಲಿನದೋ? ಒಳಗಿನ ವಾಲ್ಯೂಮ್ ಗುಂಡಿಯ ಬೆನ್ನ ಮೇಲೆ ಒತ್ತಿರುವ ಅಂಕಿಯಿಂದ ಅದು ಯಾವ ವರ್ಷ, ಯಾವ ವಾರ ತಯಾರಾಯಿತು ಎಂದು ಹೇಳುವವರಿದ್ದಾರೆ. ಯಾರ ಕೈಯಲ್ಲಿತ್ತು ಅನ್ನುವುದಕ್ಕೂ ಬೆಲೆ ಉಂಟು: ಎರಿಕ್ ಕ್ಲ್ಯಾಪ್ಟನ್ ನುಡಿಸಿದ 1964ರ ಕೆಂಪು 335 ಅನ್ನು 2004ರಲ್ಲಿ ಕ್ರಿಸ್ಟೀಸ್ ಹರಾಜು ಹಾಕಿದಾಗ 8,47,500 ಡಾಲರ್ ಬಂತು. ಆದರೆ ತಲೆ ಮುರಿದು ಅಂಟಿಸಿದ್ದು ಅಂತ ಗೊತ್ತಾದರೆ, ಎಷ್ಟೇ ಚೆನ್ನಾಗಿ ಅಂಟಿಸಿರಲಿ, ಬೆಲೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅದಕ್ಕೇ ಕೊಳ್ಳುವವರು ಮೊದಲು ಕತ್ತಿನ ಹಿಂಭಾಗವನ್ನು ಬೆಳಕಿಗೆ ಓರೆಯಾಗಿ ಹಿಡಿದು ಕೂದಲಿನಂಥ ಗೆರೆ ಇದೆಯೇ ಎಂದು ನೋಡಬೇಕು.

ನನ್ನ ಮನೆಗೆ ಬಂದ ಹುಡುಗ ಹಾಗೆ ನೋಡಲಿಲ್ಲ. ಅರ್ಧ ಗಂಟೆ ನುಡಿಸಿ, ಖುಷಿಯಾಗಿ, "ಮೂವತ್ತೈದು ಸಾವಿರ ಕೊಡ್ತೀನಿ ಸರ್" ಎಂದು ಫೋನ್ ತೆಗೆದ. ಸುಳ್ಳು ಹೇಳುವ ಅಗತ್ಯವೇ ಇರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

ಆಗ ನನಗೆ ನೆನಪಾದದ್ದು ಈ ಶಾಲೆ. ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಮುರಿದ ಬೆಂಚುಗಳ ರಿಪೇರಿಗೆ ಅಪ್ಪನನ್ನು ಕರೆಸಿದ್ದರು. ಉಳಿ, ಕೊಡತಿಗಳ ಚೀಲ ಹೆಗಲಿಗೆ ಹಾಕಿಕೊಂಡು, ಮಾಸಿದ ಅಂಗಿಯಲ್ಲಿ ಬಂದಿದ್ದರು. ಪಕ್ಕದೂರಿನಿಂದ ಹೊಸದಾಗಿ ಸೇರಿದ್ದ ಹುಡುಗ, "ಅವರು ನಿಮ್ಮಪ್ಪನಾ?" ಎಂದು ಕೇಳಿದ. "ಅಲ್ಲ, ಯಾರೋ ಬಡಗಿ" ಅಂದೆ. ಅಪ್ಪ ಐದಾರು ಅಡಿ ದೂರದಲ್ಲಿ ಬೆಣೆ ಕೆತ್ತುತ್ತಿದ್ದರು. ಕೇಳಿಸಿತೋ ಇಲ್ಲವೋ ಇವತ್ತಿನವರೆಗೂ ನಾನು ಕೇಳಿಲ್ಲ. ಮಧ್ಯಾಹ್ನ ನನ್ನನ್ನು ಮಾತಾಡಿಸದೆ ಹೋದರು.

ಈಗ ಸುಮ್ಮನಿದ್ದರೆ ಎರಡನೇ ಸಲ ಅಪ್ಪನ ಕೆಲಸವನ್ನು ಬಚ್ಚಿಟ್ಟ ಹಾಗಾಗುತ್ತಿತ್ತು. ಹುಡುಗನಿಗೆ ಹೇಳಿದೆ: "ಇದರ ತಲೆ ಮುರಿದಿತ್ತು. ನಮ್ಮಪ್ಪ ಅಂಟಿಸಿದ್ದು. ಅವರು ಬಡಗಿ." ಅವನು ತಿರುಗಿಸಿ, ಕಿಟಕಿಯ ಹತ್ತಿರ ಹಿಡಿದು, ಬಹಳ ಹೊತ್ತು ಹುಡುಕಿ ಗೆರೆ ಕಂಡುಹಿಡಿದ. "ಹಾಗಾದರೆ ಹದಿನೇಳು ಸಾವಿರ ಸರ್" ಅಂದ. ಅವನ ಲೆಕ್ಕ ತಪ್ಪಲ್ಲ. ನಾಳೆ ಅವನು ಮಾರುವಾಗಲೂ ಅಷ್ಟೇ ಸಿಗುವುದು. ನಾನು ಕೊಡಲಿಲ್ಲ. ಮುಂಗಡಕ್ಕೆ ಬೇರೆ ಕಡೆ ಸಾಲ ಮಾಡಿದೆ.

ಅಪ್ಪ ಇವತ್ತು ಮೂರನೇ ಸಾಲಿನ ಕೊನೆಯಲ್ಲಿ ಕೂತಿದ್ದಾರೆ. ಇಪ್ಪತ್ತು ವರ್ಷದ ಹಿಂದೆ ಇದೇ ಅಂಗಳದಲ್ಲಿ ಹೇಳಿದ ಮಾತನ್ನು ಇದೇ ಅಂಗಳದಲ್ಲಿ ವಾಪಸ್ಸು ತೆಗೆದುಕೊಳ್ಳುತ್ತಿದ್ದೇನೆ. ಹೌದು, ಅವರು ನಮ್ಮಪ್ಪ. ನೀವು ಹಲವರು ಕೂತಿದ್ದ ಬೆಂಚುಗಳ ಕಾಲು ಅಲ್ಲಾಡದಂತೆ ಮಾಡಿದವರು.

ಮಕ್ಕಳೇ, ಉಪದೇಶ ಮಾಡುವಷ್ಟು ದೊಡ್ಡವನು ನಾನಲ್ಲ. ಒಂದು ಕೆಲಸ ಮಾತ್ರ ಹೇಳಿ ಮುಗಿಸುತ್ತೇನೆ. ನಾವು ಪ್ರಾರ್ಥನೆಗೆ ಬಳಸುತ್ತಿದ್ದ ಹಾರ್ಮೋನಿಯಂ ಸ್ಟೋರ್ ರೂಮಿನಲ್ಲಿ ಧೂಳು ತಿನ್ನುತ್ತಿದೆ. ಬೆಳಿಗ್ಗೆ ಅಪ್ಪನೂ ನಾನೂ ಬಿಚ್ಚಿ ನೋಡಿದೆವು. ತಿದಿ ಮಡಿಕೆಗಳಲ್ಲಿ ಹರಿದು ಗಾಳಿ ಸೋರುತ್ತಿದೆ; ಸ್ವರದ ಪಟ್ಟಿಗಳು ಬಹುಪಾಲು ಸರಿಯಾಗಿವೆ. ಎರಡು ಭಾನುವಾರದ ಕೆಲಸ. ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ಮುಂದಿನ ಭಾನುವಾರ ಹತ್ತು ಗಂಟೆಗೆ ನಾವಿಬ್ಬರೂ ಇಲ್ಲಿರುತ್ತೇವೆ. ಬರುವವರು ಬನ್ನಿ. ಅಂಟು ಒಣಗುವವರೆಗೆ ಹಿಡಿದುಕೊಂಡು ನಿಲ್ಲಲು ಕೈಗಳು ಬೇಕು.